ಮೂರು-ನಾಲ್ಕು ವರ್ಷದ ಮಕ್ಕಳನ್ನ ನಾವು ಎಷ್ಟೊತ್ತು ಕೂರಿಸ್ತಿದೀವಿ?

ನಮ್ಮ ಕಡೆ ಮಗು ನೋಡೋಕೆ ಅಂತ ಯಾರೇ ಮನೆಗೆ ಬರಲಿ, ಮೊದಲು ಕೇಳೋದು "ಊಟ ಸರಿಯಾಗಿ ಮಾಡ್ತಾನಾ", ಆಮೇಲೆ "ಯಾಕೋ ಸೊರಗಿಬಿಟ್ಟಿದಾನಲ್ಲ". ಮಗು ದುಂಡುದುಂಡಾಗಿದ್ರೆ ಎತ್ಕೊಂಡು ಕೆನ್ನೆ ಹಿಂಡಿ, ದೃಷ್ಟಿ ತೆಗೀರಿ ಅಂತ ಹೇಳಿ ಹೋಗ್ತಾರೆ. ಸಂಜೆ ಹೊತ್ತು ಎಲ್ಲಿ ಆಡ್ತಾನೆ, ಎಷ್ಟೊತ್ತು ಓಡಾಡ್ತಾನೆ ಅಂತ ಕೇಳಿದ ನೆಂಟರನ್ನ ನಾನಂತೂ ಕಂಡಿಲ್ಲ. ತುಮಕೂರಲ್ಲಿ ಈಗ ಎಲ್‌ಕೆಜಿ ಅಡ್ಮಿಷನ್ ಟೈಮು, ಅಮ್ಮಂದಿರ ವಾಟ್ಸಾಪ್ ಗ್ರೂಪಲ್ಲಿ ದಿನಾ ಅದೇ ಮಾತು, ಯಾವ ಸ್ಕೂಲಲ್ಲಿ ಇಂಗ್ಲಿಷ್ ಚೆನ್ನಾಗಿದೆ, ಎಲ್ಲಿ ಬೇಗ ಬರೆಯೋದು ಕಲಿಸ್ತಾರೆ, ವ್ಯಾನ್ ಬರುತ್ತಾ, ಎಸಿ ಇದೆಯಾ. ಅಂಗಳ ಇದೆಯಾ ಅಂತ ಯಾರೂ ಕೇಳ್ತಿಲ್ಲ. ಅದಕ್ಕೇ ಇದನ್ನ ಬರೀತಿದೀನಿ, ಸ್ವಲ್ಪ ಉದ್ದ ಆಗಬಹುದು, ಆದ್ರೂ ಓದಿ.

ಅಕ್ಕ ಭಾವ ಇರೋದು ಎಸ್‌ಐಟಿ ಇಂಜಿನಿಯರಿಂಗ್ ಕಾಲೇಜ್ ಕಡೆ ಒಂದು ಅಪಾರ್ಟ್‌ಮೆಂಟಲ್ಲಿ, ಮೂರನೇ ಮಹಡಿ. ಭಾವ ಬೆಳಿಗ್ಗೆ ಟ್ರೇನಿಗೆ ಬೆಂಗಳೂರಿಗೆ ಹೋದ್ರೆ ಮನೆ ಸೇರೋದು ರಾತ್ರಿ, ಅಕ್ಕನಿಗೂ ಕೆಲಸ, ಮಗನ್ನ ನೋಡ್ಕೊಳ್ಳೋದು ಅಕ್ಕನ ಅತ್ತೆ. ಮಗುಗೆ ನಾಲ್ಕು ತುಂಬಿದೆ. ಕೆಮ್ಮು ಅಂತ ಮಕ್ಕಳ ಡಾಕ್ಟರ್ ಹತ್ರ ಕರ್ಕೊಂಡು ಹೋದಾಗ ಅವರು ಗೋಡೆಗೆ ನಿಲ್ಲಿಸಿ ಎತ್ತರ ನೋಡಿದ್ರು, ತೂಕ ನೋಡಿದ್ರು, ಚಾರ್ಟಲ್ಲಿ ಚುಕ್ಕೆ ಇಟ್ಟು ಅಕ್ಕನ ಕಡೆ ತಿರುಗಿಸಿದ್ರು. ಎತ್ತರಕ್ಕೆ ತಕ್ಕ ತೂಕದ ಚಾರ್ಟದು, ಚುಕ್ಕೆ ಮೇಲಿನ ಗೆರೆ ದಾಟಿತ್ತು. ವಿಶ್ವ ಆರೋಗ್ಯ ಸಂಸ್ಥೆ, ಅಂದ್ರೆ ಡಬ್ಲ್ಯೂಎಚ್‌ಒ 2006ರಲ್ಲಿ ಮಾಡಿದ ಚಾರ್ಟ್ ಅದು, ಅಮೆರಿಕ, ನಾರ್ವೆ, ಬ್ರೆಜಿಲ್, ಘಾನಾ, ಓಮನ್ ಜೊತೆ ನಮ್ಮ ದೆಹಲಿಯ ಮಕ್ಕಳನ್ನೂ ಅಳೆದು ಮಾಡಿದ್ದು, ಹಾಗಾಗಿ "ಅದೆಲ್ಲಾ ಫಾರಿನ್ ಮಕ್ಕಳ ಲೆಕ್ಕ" ಅಂತ ತಳ್ಳಿಹಾಕೋ ಹಂಗಿಲ್ಲ. ಐದು ವರ್ಷದೊಳಗಿನ ಮಗುಗೆ ಮಧ್ಯದ ಗೆರೆಯಿಂದ ಮೇಲಕ್ಕೆ ಎರಡನೇ ಗೆರೆ ದಾಟಿದ್ರೆ ತೂಕ ಜಾಸ್ತಿ ಅಂತ, ಮೂರನೇದು ದಾಟಿದ್ರೆ ಬೊಜ್ಜು ಅಂತ.

ಅಕ್ಕ ಅಲ್ಲೇ ಕಣ್ಣೀರು ಹಾಕಿದ್ಲು. ಮನೆಗೆ ಬಂದ್ಮೇಲೆ ಅತ್ತೆಗೆ ಸಿಟ್ಟು, ಮೊಮ್ಮಗ ಪುಷ್ಟಿಯಾಗಿದ್ರೆ ಡಾಕ್ಟರಿಗೇನು ಕಷ್ಟ ಅಂತ. ಆದ್ರೆ ಆ ಡಾಕ್ಟರ್ ಹೇಳಿದ್ದ ಮಾತು ನನಗೆ ತುಂಬಾ ಇಷ್ಟ ಆಯ್ತು. ತೂಕ ಇಳಿಸೋಕೆ ಹೋಗಬೇಡಿ, ಊಟ ಕಿತ್ಕೊಂಡು ಹಸಿವಲ್ಲಿ ಇಡಬೇಡಿ, ಡಯಟ್ ಗಿಯಟ್ ಏನೂ ಬೇಡ, ತೂಕ ಸದ್ಯಕ್ಕೆ ಏರದೆ ಇದ್ದಲ್ಲೇ ನಿಂತ್ರೆ ಸಾಕು, ಎತ್ತರ ಬೆಳೀತಾ ಹೋದ ಹಾಗೆ ಸರಿಹೋಗುತ್ತೆ, ಮುಂದಿನ ಸಲ ಬರುವಾಗ ಇವನು ದಿನಕ್ಕೆ ಎಷ್ಟೊತ್ತು ಕೂತಿರ್ತಾನೆ ಅನ್ನೋದನ್ನ ಬರ್ಕೊಂಡು ಬನ್ನಿ ಅಂದಿದ್ರು. ಏನು ತಿಂತಾನೆ ಅಂತಲೂ ಕೇಳಿದ್ರು, ಆದ್ರೆ ಬರ್ಕೊಂಡು ಬನ್ನಿ ಅಂದಿದ್ದು ಕೂತಿರೋದನ್ನ.

ಅಕ್ಕ ಕ್ಯಾಲೆಂಡರ್ ಹಾಳೆ ಹರಿದು ಅದರ ಹಿಂದೆ ಬರೆದಿದ್ಲು, ನಾನೂ ನೋಡಿದೆ. ಎದ್ದ ತಕ್ಷಣ ಸೋಫಾ ಮೇಲೆ ಹಾಲಿನ ಲೋಟ, ಟಿವಿ. ತಿಂಡಿ ಮೊಬೈಲ್ ಮುಂದೆ. ಅತ್ತೆಗೆ ಮಂಡಿನೋವು, ಮೆಟ್ಟಿಲು ಇಳಿಯೋಕಾಗಲ್ಲ, ಆದ್ರಿಂದ ಲಿಫ್ಟಲ್ಲಿ ಇಳಿದು ಗೇಟಲ್ಲೇ ವ್ಯಾನ್ ಹತ್ತೋದು. ವ್ಯಾನು ಊರೆಲ್ಲಾ ಸುತ್ತಿ ಮಕ್ಕಳನ್ನ ತುಂಬ್ಕೊಂಡು ಹೋಗುತ್ತೆ. ಸ್ಕೂಲಲ್ಲಿ ಬೆಂಚು, ಸ್ನ್ಯಾಕ್ಸ್ ಬ್ರೇಕ್ ಅಂದ್ರೆ ಅದೇ ಬೆಂಚಲ್ಲಿ ಡಬ್ಬಿ ತೆಗೆದು ತಿನ್ನೋದು. ಆಟದ ಪೀರಿಯಡ್ ವಾರಕ್ಕೊಂದು, ಅದೂ ಸಾಲಲ್ಲಿ ನಿಂತು ಜಾರುಬಂಡೆಗೆ ಕಾಯೋದು. ವಾಪಸ್ ವ್ಯಾನು. ಮಧ್ಯಾಹ್ನ ಊಟಕ್ಕೆ ಮೊಬೈಲ್, ನಿದ್ದೆ, ಎದ್ದು ಬಿಸ್ಕತ್ತು, ಕಾರ್ಟೂನು, ಆಮೇಲೆ ಹೋಂವರ್ಕ್, ಆಮೇಲೆ ಮತ್ತೆ ಊಟಕ್ಕೆ ಮೊಬೈಲ್. ಎದ್ದು ಓಡಿದ್ದು ಅಂತ ಬರೆದಿದ್ದು ಎಲ್ಲಾ ಸೇರಿ ಅರ್ಧ ಗಂಟೆ ಇರಬಹುದು, ಅದರಲ್ಲಿ ಅಪ್ಪ ಬಂದ ಅಂತ ಬಾಗಿಲಿಗೆ ಓಡಿದ್ದೂ ಸೇರಿತ್ತು. ಆ ಮಗು ಸೋಮಾರಿ ಅಲ್ಲ ಕಣ್ರೀ. ನಮ್ಮನೆಗೆ ಬಂದ್ರೆ ಗೇಟಿಂದ ಹಿತ್ತಲಿಗೆ, ಹಿತ್ತಲಿಂದ ಗೇಟಿಗೆ ನಿಲ್ಲದೆ ಓಡೋ ಮಗು ಅದು. ಬೆಳಗಿಂದ ರಾತ್ರಿ ತನಕ ಅವನನ್ನ ಒಬ್ಬರಾದಮೇಲೆ ಒಬ್ಬರು ಕೂರಿಸ್ತಾ ಇರೋದು ದೊಡ್ಡೋರು.

ಈಗ ಇದರ ಪಕ್ಕದಲ್ಲಿ ಡಬ್ಲ್ಯೂಎಚ್‌ಒ 2019ರಲ್ಲಿ ಹೇಳಿದ್ದು ಇಟ್ಟು ನೋಡಿ. ಮೂರು-ನಾಲ್ಕು ವರ್ಷದ ಮಗು ದಿನಕ್ಕೆ ಕಡಿಮೆ ಅಂದ್ರೂ 180 ನಿಮಿಷ ಮೈ ಆಡಿಸ್ತಿರಬೇಕು, ಅದರಲ್ಲಿ 60 ನಿಮಿಷನಾದ್ರೂ ಏದುಸಿರು ಬರೋ ಹಾಗೆ ಓಡೋದು, ಕುಣಿಯೋದು, ಹತ್ತಿ ಇಳಿಯೋದು ಇರಬೇಕು. ಕಾರ್ ಸೀಟಲ್ಲೋ ಕುರ್ಚಿಯಲ್ಲೋ ಕಟ್ಟಿ ಕೂರಿಸಿದ ಹಾಗೆ ಒಂದೇ ಸಲಕ್ಕೆ ಒಂದು ಗಂಟೆಗಿಂತ ಜಾಸ್ತಿ ಇಡಬಾರದು. ಮೊಬೈಲ್ ಟಿವಿ ಎಲ್ಲಾ ಸೇರಿ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆ ಆದಷ್ಟೂ ಒಳ್ಳೇದು, ನಮ್ಮ ದೇಶದ ಮಕ್ಕಳ ಡಾಕ್ಟರುಗಳ ಸಂಘ ಐಎಪಿ ಕೂಡ ಎರಡರಿಂದ ಐದು ವರ್ಷಕ್ಕೆ ಅದೇ ಒಂದು ಗಂಟೆ ಅಂತಾನೇ ಹೇಳೋದು, ಎರಡು ವರ್ಷದ ಒಳಗಂತೂ ಬೇಡವೇ ಬೇಡ ಅಂತ. ನಿದ್ದೆ 10ರಿಂದ 13 ಗಂಟೆ, ಮಧ್ಯಾಹ್ನದ್ದೂ ಸೇರಿ. ಅಪ್ಪ ಬಂದು ಊಟ ಮಾಡಿ ಟಿವಿ ಆಫ್ ಆಗೋ ತನಕ ಮಗು ಮಲಗಲ್ಲ ಅನ್ನೋ ಮನೆಗಳು ನಮ್ಮಲ್ಲಿ ಎಷ್ಟಿಲ್ಲ ಹೇಳಿ, ಬೆಂಗಳೂರಿಗೆ ಓಡಾಡೋರ ಮನೆಗಳಲ್ಲಿ ಇದೇ ದೊಡ್ಡ ಸಮಸ್ಯೆ, ಅಪ್ಪನ ಮುಖ ನೋಡ್ಬೇಕು ಅಂತ ಮಗು ಹತ್ತೂವರೆ ತನಕ ಎದ್ದಿರುತ್ತೆ, ಬೆಳಿಗ್ಗೆ ಏಳಕ್ಕೆ ಎಬ್ಬಿಸ್ತಾರೆ. ನಿದ್ದೆ ಕಡಿಮೆ ಆದ ಮಕ್ಕಳಲ್ಲಿ ತೂಕ ಏರೋದು ಜಾಸ್ತಿ ಅಂತ ಎಷ್ಟೋ ಅಧ್ಯಯನಗಳಲ್ಲಿ ಕಂಡುಬಂದಿದೆ.

ಮೂರು ಗಂಟೆ ಅಂದ ತಕ್ಷಣ ಗಾಬರಿ ಬೀಳಬೇಡಿ. ಒಂದೇ ಉಸಿರಿಗೆ ಮೂರು ಗಂಟೆ ಅಲ್ಲ, ಜಿಮ್ಮೂ ಅಲ್ಲ, ದುಡ್ಡು ಕೊಟ್ಟು ಸೇರಿಸೋ ಡ್ಯಾನ್ಸ್ ಕ್ಲಾಸೇ ಆಗಬೇಕು ಅಂತಲೂ ಇಲ್ಲ. ಈ ವಯಸ್ಸಿನ ಮಗು ಆಡೋದನ್ನ ಒಂದು ಹತ್ತು ನಿಮಿಷ ಸುಮ್ನೆ ಕೂತು ನೋಡಿ, ಜೋರಾಗಿ ಓಡುತ್ತೆ, ಗಕ್ಕನೆ ನಿಲ್ಲುತ್ತೆ, ಇರುವೆ ಸಾಲು ನೋಡೋಕೆ ಕುಕ್ಕರುಗಾಲಲ್ಲಿ ಕೂರುತ್ತೆ, ಕಲ್ಲು ಎತ್ತಿ ಎಸೆಯುತ್ತೆ, ಮತ್ತೆ ಓಡುತ್ತೆ. ದೊಡ್ಡೋರ ಹಾಗೆ ಅರ್ಧ ಗಂಟೆ ಒಂದೇ ಸಮ ವಾಕಿಂಗ್ ಮಾಡೋ ಜೀವ ಅಲ್ಲ ಅದು. ಚೂರುಪಾರು ಆಟ ಎಲ್ಲಾ ಸೇರಿಸಿ ಮೂರು ಗಂಟೆ. ಅಂಗಡಿಗೆ ಕೈ ಹಿಡ್ಕೊಂಡು ನಡ್ಕೊಂಡು ಹೋಗೋದು ಲೆಕ್ಕಕ್ಕೆ ಬರುತ್ತೆ, ಮೆಟ್ಟಿಲು ಹತ್ತೋದು ಬರುತ್ತೆ, ಗಿಡಕ್ಕೆ ಚೊಂಬಲ್ಲಿ ನೀರು ಹೊತ್ತು ಹಾಕೋದು ಬರುತ್ತೆ. ಆ ಅವಕಾಶನ ನಾವು ಬೈಕಿನ ಮುಂದೆ ಕೂರಿಸ್ಕೊಂಡು, ಲಿಫ್ಟಲ್ಲಿ ಇಳಿಸಿ, ಎತ್ಕೊಂಡು ಹೋಗಿ ಕಳೀತಿದೀವಿ.

ಓಡಾಡಿಸಿದ ಮಾತ್ರಕ್ಕೆ ತೂಕ ಇಳಿಯುತ್ತಾ? ಇಲ್ಲ, ಇದನ್ನ ಮುಚ್ಚಿಡೋಕೆ ಹೋಗಲ್ಲ. ಸ್ಕಾಟ್‌ಲ್ಯಾಂಡಿನ ಗ್ಲಾಸ್ಗೋದಲ್ಲಿ 36 ನರ್ಸರಿಗಳ ಐನೂರಕ್ಕೂ ಹೆಚ್ಚು ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದ್ರು, 2006ರಲ್ಲಿ ಅದರ ಫಲಿತಾಂಶ ಬಂತು. ಅರ್ಧದಷ್ಟು ನರ್ಸರಿಗಳಲ್ಲಿ ವಾರಕ್ಕೆ ಮೂರು ಸಲ ಅರ್ಧರ್ಧ ಗಂಟೆ ಆಟ ಆಡಿಸಿದ್ರು, 24 ವಾರ, ಮನೆಯವರಿಗೂ ಹೇಳಿಕೊಟ್ಟಿದ್ರು. ಕೊನೆಗೆ ನೋಡಿದ್ರೆ ಮಕ್ಕಳ ಬಿಎಂಐ, ಅಂದ್ರೆ ಎತ್ತರಕ್ಕೆ ತೂಕ ಎಷ್ಟಿದೆ ಅನ್ನೋ ಲೆಕ್ಕ, ಆಟ ಆಡಿಸಿದ್ದರಿಂದ ಏನೂ ಬದಲಾಗಿರ್ಲಿಲ್ಲ. ಆದ್ರೆ ಜಿಗಿಯೋದು, ಎಸೆಯೋದು, ಒಂಟಿಕಾಲಲ್ಲಿ ನಿಲ್ಲೋದು ಇಂಥದ್ದರಲ್ಲಿ ಆಡಿದ ಮಕ್ಕಳು ಮುಂದೆ ಇದ್ರು. ಇನ್ನೊಂದು ಇಂಗ್ಲೆಂಡಿನ ಪ್ಲಿಮತ್ ಊರಿನದು, ಅರ್ಲಿಬರ್ಡ್ ಅಂತ, ಅಲ್ಲಿ ಏಳರಿಂದ ಹತ್ತು ವರ್ಷದ ಮಕ್ಕಳನ್ನ ವರ್ಷವರ್ಷ ಅಳೆದು ನೋಡಿದಾಗ, ಓಡಾಟ ಕಡಿಮೆ ಆಗಿ ಮೈ ಬಂತು ಅನ್ನೋದಕ್ಕಿಂತ ಮೈ ಬಂದಮೇಲೆ ಓಡಾಟ ಕಡಿಮೆ ಆಯ್ತು ಅನ್ನೋದೇ ಕಂಡಿತು.

ಇದನ್ನ ಓದಿ "ಹಾಗಾದ್ರೆ ಆಟ ಆಡಿಸಿ ಏನು ಪ್ರಯೋಜನ" ಅಂತ ಭಾವ ಕೇಳಿದ್ರು. ನನಗನ್ನಿಸೋದು ಇದು. ತೂಕಕ್ಕೆ ಊಟ, ನಿದ್ದೆ, ಓಡಾಟ ಮೂರೂ ಸೇರ್ಬೇಕು, ವಾರಕ್ಕೆ ಒಂದೂವರೆ ಗಂಟೆ ಆಟ ಕೊಟ್ಟು ಉಳಿದಿದ್ದನ್ನೆಲ್ಲಾ ಹಾಗೇ ಬಿಟ್ರೆ ಏನೂ ಆಗಲ್ಲ. ಆದ್ರೆ ಆಟ ಇರೋದು ಬರೀ ತೂಕಕ್ಕಲ್ಲ. ಐದು ವರ್ಷಕ್ಕೆ ಓಡೋಕೆ, ಜಿಗಿಯೋಕೆ, ಚೆಂಡು ಹಿಡಿಯೋಕೆ ಬರದೆ ಇರೋ ಮಗುನ ಎಂಟು ವರ್ಷಕ್ಕೆ ಯಾರೂ ಟೀಮಿಗೆ ಕರೆಯಲ್ಲ, ಕರೆಯದೆ ಇದ್ರೆ ಅದು ಮೂಲೇಲಿ ಕೂತ್ಕೊಳ್ಳುತ್ತೆ, ಕೂತ್ಕೊಂಡ್ರೆ ಮತ್ತೆ ಮೈ ಬರುತ್ತೆ, ಮೈ ಬಂದ್ರೆ ಉಳಿದ ಮಕ್ಕಳು ಹೆಸರಿಟ್ಟು ಕರೀತಾರೆ. ಪ್ಲಿಮತ್ತಿನ ಲೆಕ್ಕ ಹೇಳೋದೂ ಅದೇ ಅಲ್ವಾ, ಮೈ ಬಂದಮೇಲೆ ಆಟಕ್ಕೆ ಎಳೆಯೋದು ಕಷ್ಟ, ಅದಕ್ಕೇ ಈ ಮೂರು-ನಾಲ್ಕು ವರ್ಷದಲ್ಲೇ ಕೈಕಾಲಿಗೆ ಧೈರ್ಯ ಬಂದುಬಿಡಬೇಕು. ಹೆಸರಿಟ್ಟು ಕರೆಯೋ ವಿಷಯ ಬಂತಲ್ಲ, ದಯವಿಟ್ಟು ಮನೇಲಿ ಯಾರೂ ಮಗುನ ಡುಮ್ಮ, ಗುಂಡ ಅಂತ ಕರೀಬೇಡಿ, ಮುದ್ದಿಗೂ ಬೇಡ. ನಾಲ್ಕು ವರ್ಷದ ಮಗುಗೆ ಅದು ಚೆನ್ನಾಗಿ ಅರ್ಥ ಆಗುತ್ತೆ.

ಈಗ ಅಜ್ಜಿಯರ ಗಾಬರಿ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಎಲ್ಲಾ ಶುರುವಾಗೋದು ಅಲ್ಲಿಂದಲೇ. ಹುಟ್ಟಿದಾಗ ಮೂರು ಕೆಜಿ ಇದ್ದ ಮಗು ಒಂದು ವರ್ಷ ತುಂಬೋ ಹೊತ್ತಿಗೆ ಒಂಬತ್ತು ಕೆಜಿ ಆಸುಪಾಸು ಬರುತ್ತೆ, ಅಂದ್ರೆ ಒಂದೇ ವರ್ಷದಲ್ಲಿ ಆರು ಕೆಜಿ. ಎರಡು ವರ್ಷ ದಾಟಿದ್ಮೇಲೆ ವರ್ಷಕ್ಕೆ ಏರೋದು ಬರೀ ಎರಡು ಕೆಜಿ. ಬೆಳವಣಿಗೆ ನಿಧಾನ ಆದ್ರೆ ಹಸಿವೂ ಕಡಿಮೆ ಆಗುತ್ತೆ, ಸಹಜ. ಅದರ ಜೊತೆ ಇನ್ನೊಂದಿದೆ, ಒಂದು ವರ್ಷದ ಮಗುನಲ್ಲಿ ಇರೋ ಮೈ ಆಮೇಲೆ ತಾನಾಗೇ ಕರಗುತ್ತೆ, ಕೈ ಕಾಲು ಉದ್ದ ಆಗಿ ಮಗು ಸಣ್ಣಗೆ ಕಾಣುತ್ತೆ, ಐದಾರು ವರ್ಷ ಆದ್ಮೇಲೆ ಮತ್ತೆ ನಿಧಾನಕ್ಕೆ ಮೈ ತುಂಬ್ಕೊಳ್ಳುತ್ತೆ. ಡಬ್ಲ್ಯೂಎಚ್‌ಒ ಚಾರ್ಟಲ್ಲಿ ಮಧ್ಯದ ಗೆರೆ ನೋಡಿದ್ರೆ ನಾಲ್ಕು ವರ್ಷದ ಹುಡುಗ 16 ಕೆಜಿ, 103 ಸೆಂಟಿಮೀಟರ್ ಎತ್ತರ, ಬಿಎಂಐ 15ರ ಹತ್ರ. ದೊಡ್ಡೋರಿಗೆ 15 ಅಂದ್ರೆ ಆಸ್ಪತ್ರೆಗೆ ಸೇರಿಸ್ಬೇಕು, ಈ ವಯಸ್ಸಿನ ಮಗುಗೆ ಅದೇ ಸರಿ. ಪಕ್ಕೆಲುಬು ಸ್ವಲ್ಪ ಕಾಣಿಸೋ ಹಾಗೆ ಇದ್ದು ಚಟುವಟಿಕೆಯಾಗಿ ಓಡಾಡ್ಕೊಂಡಿದ್ರೆ, ಚಾರ್ಟಲ್ಲಿ ಸರಿ ಇದ್ರೆ, ಆ ಮಗು ಸೊರಗಿಲ್ಲ, ಬೆಳೀತಿದೆ. ತೆಳ್ಳಗಾಗಬೇಕಾದ ವಯಸ್ಸಲ್ಲೇ ಮಗು ಮತ್ತೆ ದಪ್ಪ ಆಗೋಕೆ ಶುರುವಾದ್ರೆ, ಅಂದ್ರೆ ಐದಾರು ವರ್ಷಕ್ಕೆ ಶುರುವಾಗಬೇಕಿದ್ದು ಮೂರು-ನಾಲ್ಕಕ್ಕೇ ಶುರುವಾದ್ರೆ, ಮುಂದೆ ಹದಿಹರೆಯಕ್ಕೆ ಬಂದಾಗ ಮೈಯಲ್ಲಿ ಕೊಬ್ಬು ಜಾಸ್ತಿ ಇರುತ್ತೆ ಅನ್ನೋದನ್ನ 1984ರಲ್ಲೇ ಫ್ರಾನ್ಸಿನ ಸಂಶೋಧಕರು ತೋರಿಸಿದ್ರು. ಆ ನಾಜೂಕಾದ ಎರಡು ಮೂರು ವರ್ಷದಲ್ಲೇ ನಾವು ಮಗು ಬಡಕಲಾಯ್ತು ಅಂತ ಬಾಯಿಗೆ ತುರುಕೋದು.

ನನ್ನಮ್ಮ ಗುಬ್ಬಿ ತಾಲ್ಲೂಕಿನ ಹಳ್ಳೀಲಿ ಅಂಗನವಾಡಿ ಕಾರ್ಯಕರ್ತೆ ಆಗಿದ್ರು, ಈಗ ರಿಟೈರ್ ಆಗಿದಾರೆ. ಚಿಕ್ಕವಳಿದ್ದಾಗ ಅವರ ಜೊತೆ ಹೋಗ್ತಿದ್ದೆ. ತೊಲೆಗೆ ನೇತುಹಾಕಿದ ಗುಂಡನೆ ತಕ್ಕಡಿ, ಅದರ ಕೊಕ್ಕೆಗೆ ಬಟ್ಟೆ ಚೀಲ, ಅದರೊಳಗೆ ಕಾಲು ತೂರಿಸಿ ಮಗುನ ಬಿಟ್ರೆ ಅದು ಗೋಳೋ ಅಂತ ಅಳೋದು, ಮುಳ್ಳು ಅಲ್ಲಾಡ್ತಾ ನಿಲ್ಲೋದೇ ಇಲ್ಲ, ಅಮ್ಮ ಒಂದು ಕೈಲಿ ಮಗು ಬೆನ್ನು ಮುಟ್ಕೊಂಡು ಮುಳ್ಳು ನಿಲ್ಲೋ ತನಕ ಕಾಯೋರು. ಆಮೇಲೆ ಪಟದಲ್ಲಿ ಚುಕ್ಕೆ. ಚುಕ್ಕೆ ಹಸಿರು ಪಟ್ಟೀಲಿ ಬಿದ್ರೆ ಅಮ್ಮನ ಮುಖ ಅರಳೋದು, ಕೆಳಗೆ ಬಿದ್ರೆ ಆ ಮನೆಗೆ ಹೋಗಿ ತಾಯಿ ಹತ್ರ ಕೂತು ಮಾತಾಡಿ ಬರೋರು. ಮೇಲೆ ಹೋದ ಚುಕ್ಕೆ ಬಗ್ಗೆ ಯಾರೂ ತಲೆ ಕೆಡಿಸ್ಕೊಳ್ತಿರಲಿಲ್ಲ, ಅಂಥ ಮಗುನೂ ಆಗ ಊರಲ್ಲಿ ಇರಲಿಲ್ಲ. 1975ರಲ್ಲಿ ಐಸಿಡಿಎಸ್, ಅಂದ್ರೆ ಅಂಗನವಾಡಿಗಳನ್ನ ನಡೆಸೋ ಸರ್ಕಾರಿ ಯೋಜನೆ, ಶುರುವಾಗಿದ್ದೇ ಹಸಿವು, ಅಪೌಷ್ಟಿಕತೆ ಅಂತ, ಅದರ ಕೆಲಸ ಇನ್ನೂ ಮುಗಿದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಮಗು ವಯಸ್ಸಿಗೆ ತಕ್ಕ ತೂಕ ಇಲ್ಲ, ಅಷ್ಟೇ ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇಲ್ಲ. ತೂಕ ಜಾಸ್ತಿ ಇರೋ ಮಕ್ಕಳು ದೇಶದಲ್ಲಿ ನೂರಕ್ಕೆ 3.4, ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ 2.1 ಇತ್ತು. ಅಂಕಿ ಚಿಕ್ಕದು, ಏರ್ತಿರೋದು ಮಾತ್ರ ನಿಜ.

ಹಂಗಾಗಿ ನಮ್ಮಲ್ಲಿ ಒಂದೇ ಬೀದೀಲಿ ಎರಡೂ ಇದೆ. ಅದರಲ್ಲೂ ಹೊರಗೆ ಸಣ್ಣ ಕಂಡು ಒಳಗೆ ಕೊಬ್ಬು ಇರೋ ಮಕ್ಕಳದ್ದು ನಮ್ಮ ದೇಶದ್ದೇ ವಿಶೇಷ ತೊಂದರೆ. ಪುಣೆಯ ಡಾಕ್ಟರ್ ಯಾಜ್ಞಿಕ್ ಅವರು ಎಷ್ಟೋ ವರ್ಷದಿಂದ ಇದನ್ನೇ ಹೇಳ್ತಾ ಬಂದಿದಾರೆ, ಹುಟ್ಟುವಾಗಲೇ ನಮ್ಮ ಕೂಸುಗಳು ತೂಕದಲ್ಲಿ ಕಡಿಮೆ, ಮಾಂಸ ಕಡಿಮೆ, ಕೊಬ್ಬು ಮಾತ್ರ ಅಷ್ಟು ಕಡಿಮೆ ಇಲ್ಲ ಅಂತ. ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಜನ ಮಿಷನ್ ಆಸ್ಪತ್ರೆ ಅಂತಾರಲ್ಲ, ಅಲ್ಲಿ ಹುಟ್ಟಿದ ಮಕ್ಕಳನ್ನ ವರ್ಷಗಟ್ಟಲೆ ಅಳೆದು ನೋಡಿದಾಗಲೂ ಅದೇ, ನಾಲ್ಕು ವರ್ಷಕ್ಕೂ ಬೆನ್ನಿನ ರೆಕ್ಕೆಮೂಳೆ ಕೆಳಗಿನ ಚರ್ಮದ ಮಡಿಕೆ ಹಿಡಿದು ಅಳೆದ್ರೆ ಬ್ರಿಟನ್ ಮಕ್ಕಳಿಗಿಂತ ದಪ್ಪ, ಉಳಿದ ಅಳತೆಗಳಲ್ಲಿ ಮಾತ್ರ ಚಿಕ್ಕೋರು. ಮಾಂಸಖಂಡ ಬೆಳೆಯೋಕೆ ಓಡಾಟ ಬೇಕು. ಅಂದ್ಮೇಲೆ ತೆಳ್ಳಗಿರೋ ಮಗುಗೆ ಆಟ ಬೇಡ, ತಿಂದಿದ್ದು ಕರಗಿಹೋಗುತ್ತೆ ಅನ್ನೋ ಮಾತಿದೆಯಲ್ಲ, ಅದು ಸರಿಯಿಲ್ಲ. ದಪ್ಪ ಇರೋ ಮಗುಗೆ ಎಷ್ಟು ಆಟ ಬೇಕೋ ಸಣ್ಣ ಇರೋ ಮಗುಗೂ ಅಷ್ಟೇ ಬೇಕು. ತಾಯಿ ಕಾರ್ಡಲ್ಲಿ ಬರೀ ತೂಕದ ಚುಕ್ಕೆ ನೋಡಿ ಸುಮ್ನಾಗಬೇಡಿ, ಈಗ ಅಂಗನವಾಡೀಲೂ ಎತ್ತರ ಅಳೀತಾರೆ, ಎತ್ತರಕ್ಕೆ ತೂಕ ಸರಿಯಿದೆಯಾ ಅಂತ ಕೇಳಿ ತಿಳ್ಕೊಳ್ಳಿ.

ಊಟದ ಬಗ್ಗೆ ಜಾಸ್ತಿ ಬರೆಯಲ್ಲ, ಎರಡು ಮಾತು ಅಷ್ಟೇ. ಮೊಬೈಲ್ ಮುಂದೆ ಇಟ್ಟು ತಿನ್ನಿಸಿದ್ರೆ ಮಗುಗೆ ಹೊಟ್ಟೆ ತುಂಬಿದ್ದು ಗೊತ್ತಾಗಲ್ಲ, ಬಾಯಿ ತೆರೀತಾ ಇರುತ್ತೆ, ನಾವು ತುತ್ತು ಇಡ್ತಾ ಇರ್ತೀವಿ, ತಟ್ಟೆ ಖಾಲಿ ಆಯ್ತು ಅಂತ ನಮಗೆ ಸಮಾಧಾನ. ಮುದ್ದೆ ಸಾರು, ಅನ್ನ ಹುಳಿ, ಇಡ್ಲಿ, ಮೊಟ್ಟೆ, ಕಾಳುಪಲ್ಯ ಇದರಿಂದ ನಾಲ್ಕು ವರ್ಷದ ಮಗುಗೆ ಬೊಜ್ಜು ಬರೋದು ಅಪರೂಪ. ಬರೋದು ಎರಡು ಊಟದ ಮಧ್ಯೆ. ಬೇಕರಿ ಬನ್ನು, ಕ್ರೀಮ್ ಬಿಸ್ಕತ್ತು, ಹತ್ತು ರೂಪಾಯಿ ಚಿಪ್ಸ್ ಪ್ಯಾಕೆಟ್, ಹಣ್ಣಿನ ಚಿತ್ರ ಇರೋ ಜ್ಯೂಸ್ ಡಬ್ಬಿ, ಹಾಲಿಗೆ ಹಾಕೋ ಪುಡಿ. ಆ ಪುಡಿ ಡಬ್ಬಿ ಹಿಂದೆ ನೂರು ಗ್ರಾಮಿಗೆ ಸಕ್ಕರೆ ಎಷ್ಟು ಅಂತ ಬರೆದಿರುತ್ತೆ, ನಾಲ್ಕು ಗ್ರಾಮಿಗೆ ಒಂದು ಟೀ ಚಮಚ ಅಂತ ಲೆಕ್ಕ ಹಾಕಿ ನೋಡಿ. ಇಂಥ ಪಾನೀಯಗಳನ್ನ ಹೆಲ್ತ್ ಡ್ರಿಂಕ್ ಅನ್ನೋ ಪಟ್ಟಿಯಿಂದ ತೆಗೀರಿ ಅಂತ 2024ರ ಏಪ್ರಿಲಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯನೇ ಆನ್‌ಲೈನ್ ಅಂಗಡಿಗಳಿಗೆ ಹೇಳಿದೆ. ಅಕ್ಕನ ಅತ್ತೆಗೆ ಇದನ್ನ ಹೇಳಿದಾಗ ಮೊದಲು ನಂಬಲಿಲ್ಲ, ಆಮೇಲೆ ಡಬ್ಬಿ ಹಿಂದೆ ಓದಿಸ್ಕೊಂಡು ಅವರೇ ಎತ್ತಿಟ್ರು, ಈಗ ಬರೀ ಹಾಲು, ಒಂದೊಂದ್ಸಲ ರಾಗಿ ಅಂಬಲಿ. ಅತ್ತೆ ಜೊತೆ ಜಗಳ ಆಡೋ ಸೊಸೆಯರಿಗೆ ಹೇಳ್ತೀನಿ, ಅವರಿಗೆ ಮೊಮ್ಮಗನ ಮೇಲೆ ಇರೋ ಪ್ರೀತಿ ಕಡಿಮೆ ಏನಿಲ್ಲ, ಹಸಿವು ಕಂಡು ಬೆಳೆದೋರು ಅವರು, ಕೂತು ಬಿಡಿಸಿ ಹೇಳಿದ್ರೆ ನಮಗಿಂತ ಚೆನ್ನಾಗಿ ಪಾಲಿಸ್ತಾರೆ.

ಅವರಿಂದಲೇ ಮನೇಲಿ ಆಟನೂ ಶುರುವಾಯ್ತು ಅನ್ನೋದು ನನಗೆ ತುಂಬಾ ಖುಷಿ. ಕೆಳಗೆ ಹೋಗಿ ಮಗು ಹಿಂದೆ ಓಡಾಡೋಕಾಗಲ್ಲ ಅಂತ ಅವರು ಫ್ಲಾಟಿನ ಮುಂದಿನ ಕಾರಿಡಾರಲ್ಲಿ ಕುರ್ಚಿ ಹಾಕ್ಕೊಂಡು ಕೂತು, ರಂಗೋಲಿ ಪುಡೀಲಿ ಒಂದು ಗೆರೆ ಎಳೆದು, ಕೆರೆ-ದಡ ಆಡಿಸ್ತಾರೆ. "ಕೆರೆ" ಅಂದ್ರೆ ಗೆರೆಯಿಂದ ಆಚೆ ಜಿಗೀಬೇಕು, "ದಡ" ಅಂದ್ರೆ ಈಚೆ, ತಪ್ಪು ಜಿಗಿದ್ರೆ ಔಟ್. ಮೊದಲು ಇವನಿಗೆ ಎರಡೂ ಕಾಲು ಜೋಡಿಸಿ ಜಿಗಿಯೋಕೇ ಬರ್ತಿರಲಿಲ್ಲ, ಒಂದು ಕಾಲು ಮುಂದಿಟ್ಟು ಇನ್ನೊಂದು ಎಳ್ಕೊಳ್ಳೋನು, ಗೋಡೆ ಹಿಡಿಯೋನು. ಈಗ ಮಂಡಿ ಬಗ್ಗಿಸಿ, ಕೈ ಹಿಂದಕ್ಕೆ ಬೀಸಿ, ತುಟಿ ಕಚ್ಚಿ, ಎರಡೂ ಪಾದ ಒಟ್ಟಿಗೆ ನೆಲಕ್ಕೆ ಬೀಳೋ ಹಾಗೆ ಹಾರ್ತಾನೆ. ಪಕ್ಕದ ಫ್ಲಾಟಿನ ಹುಡುಗಿ, ಎದುರು ಮನೆ ಅವಳಿ ಮಕ್ಕಳು ಎಲ್ಲಾ ಸೇರ್ಕೊಂಡಿದಾರೆ, ಅಜ್ಜಿ ಬೇಕೂಂತ "ಕೆರೆ ಕೆರೆ ಕೆರೆ ದಡ" ಅಂತ ಬೇಗ ಬೇಗ ಹೇಳಿ ಎಲ್ಲರನ್ನೂ ಏಮಾರಿಸ್ತಾರೆ. ಕಾಲು ಗಂಟೆಗೆ ಮಕ್ಕಳ ಕತ್ತು ಬೆವರುತ್ತೆ. ಡಬ್ಲ್ಯೂಎಚ್‌ಒ ಹೇಳೋ ಆ 60 ನಿಮಿಷದ ಆಟ ಇದೇ ತಾನೇ. ಕಣ್ಣಾಮುಚ್ಚಾಲೆ, ಜೂಟಾಟ, ಉಪ್ಪಿನ ಮೂಟೆ, ಅಪ್ಪಾಲೆ ತಿಪ್ಪಾಲೆ ಇವಕ್ಕೆಲ್ಲಾ ಒಂದು ರೂಪಾಯಿ ಖರ್ಚಿಲ್ಲ, ಜಾಗ ಬೇಕು, ಜೊತೆ ಬೇಕು, ಬಿದ್ರೆ ಎದ್ದೇಳ್ತಾರೆ ಬಿಡು ಅನ್ನೋ ದೊಡ್ಡೋರು ಬೇಕು. ಹುಡುಗಿಯರಿಗೆ ಇದು ಇನ್ನೂ ಕಡಿಮೆ ಸಿಗ್ತಿದೆ, ಬಿದ್ದು ಮುಖಕ್ಕೆ ಗಾಯ ಆದ್ರೆ ಅಂತ ಹಿಡಿದಿಟ್ಕೊಳ್ತಾರೆ, ಮೇಲಿಂದ ಕಾಲು ಎತ್ತೋಕಾಗದ ಫ್ರಾಕು, ಜಾರೋ ಚಪ್ಪಲಿ. ಒಂದು ಚಡ್ಡಿ, ಒಂದು ಕ್ಯಾನ್ವಾಸ್ ಶೂ ಕೊಡಿಸಿ, ಅವಳೂ ಓಡ್ತಾಳೆ.

ಜಾಗದ ವಿಷಯಕ್ಕೆ ಬಂದ್ರೆ ನನಗೆ ನಿಜಕ್ಕೂ ಬೇಜಾರಾಗುತ್ತೆ. ಸಂಜೆ ಅಮಾನಿಕೆರೆ ಕಡೆ ಹೋದ್ರೆ ಎಷ್ಟು ಜನ ವಾಕಿಂಗು, ನೋಡೋಕೆ ಸಂತೋಷ. ಆದ್ರೆ ಬಟವಾಡಿ, ಕ್ಯಾತ್ಸಂದ್ರ ಕಡೆ ಇರೋರು ಚಿಕ್ಕ ಮಗುನ ಕರ್ಕೊಂಡು ದಿನಾ ಅಲ್ಲಿಗೆ ಬರೋಕಾಗುತ್ತಾ, ಬಂದ್ರೂ ಬಿಎಚ್ ರೋಡ್ ಟ್ರಾಫಿಕಲ್ಲಿ ಬೈಕಲ್ಲಿ ಕೂತು ಬರ್ಬೇಕು. ಬಡಾವಣೆಗಳ ಚಿಕ್ಕ ಪಾರ್ಕುಗಳಲ್ಲಿ ಹುಲ್ಲಿನ ಮೇಲೆ ಕಾಲಿಡಬೇಡಿ ಅನ್ನೋ ಬೋರ್ಡು, ವಾಕಿಂಗ್ ಮಾಡೋ ಹಿರಿಯರಿಗೆ ಮಕ್ಕಳು ಅಡ್ಡ ಬಂದ್ರೆ ಸಿಡಿಮಿಡಿ, ಇರೋ ಜೋಕಾಲಿ ದೊಡ್ಡ ಮಕ್ಕಳಿಗೆ ಆಗೋ ಎತ್ತರದ್ದು. ಬೀದೀಲಿ ಬಿಡೋಣ ಅಂದ್ರೆ ಬೈಕು, ನಾಯಿ. ಮೂರು ವರ್ಷದ ಮಗುಗೆ ಸ್ಟೇಡಿಯಂ ಬೇಕಾಗಿಲ್ಲ, ಮನೆಯಿಂದ ನಡೆದು ಹೋಗೋ ದೂರದಲ್ಲಿ ಒಂದಿಷ್ಟು ಮಣ್ಣು, ಒಂದು ಮರ, ಗೇಟು ಇದ್ರೆ ಸಾಕು.

ಸ್ಕೂಲ್ ವಿಷಯದಲ್ಲಿ ಇನ್ನೊಂದು ಗೊತ್ತಿರಲಿ. ಶಾಲೆಗೆ ಆಟದ ಮೈದಾನ ಇರ್ಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೇಲಿ ಇದೆ, ಆದ್ರೆ ಆ ಕಾಯ್ದೆ ಇರೋದು ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ. ಮನೆ ಮೇಲಿನ ಮಹಡೀಲಿ ನಡೆಯೋ ಪ್ಲೇ ಹೋಮಿಗೆ ಅದು ತಾಕಲ್ಲ. ಹೆಸರಲ್ಲಿ ಪ್ಲೇ ಇರುತ್ತೆ, ಗೋಡೆ ಮೇಲೆ ಕಾರ್ಟೂನ್ ಇರುತ್ತೆ, ಓಡೋಕೆ ಜಾಗ ಇರಲ್ಲ. ಹಾಗಾಗಿ ಕೇಳೋ ಜವಾಬ್ದಾರಿ ನಮ್ಮ ಮೇಲೇ ಇದೆ. ಅಡ್ಮಿಷನಿಗೆ ಹೋದಾಗ ಮಗು ಹೊರಗೆ ಎಷ್ಟೊತ್ತು ಇರುತ್ತೆ ಅಂತ ಕೇಳಿ, ಜಾಗ ತೋರಿಸಿ ಅನ್ನಿ, ದಿನಾ ಬಿಡ್ತೀರಾ ವಾರಕ್ಕೊಂದು ಸಲನಾ ಅಂತ ಕೇಳಿ. ಮಗು ಹೊರಗೆ ಇದ್ದಷ್ಟೂ ಹೆಚ್ಚು ಓಡಾಡುತ್ತೆ ಅನ್ನೋದು ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮತ್ತೆ ಕಂಡಿರೋ ವಿಷಯ, ಅದಕ್ಕೆ ಪಿಟಿ ಮೇಷ್ಟ್ರು ಬೇಕಾಗಿಲ್ಲ, ಬಾಗಿಲು ತೆಗೆದ್ರೆ ಆಗುತ್ತೆ. ಅಕ್ಕ ಇದನ್ನ ಸ್ಕೂಲಿನ ಮೀಟಿಂಗಲ್ಲಿ ಕೇಳಿದಾಗ ಮಿಸ್ಸು ಹೇಳಿದ್ದೂ ನ್ಯಾಯವಾಗೇ ಇತ್ತು, "ಮೇಡಂ, ಹೊರಗೆ ಬಿಟ್ರೆ ಬಟ್ಟೆ ಕೊಳೆ ಆಯ್ತು, ಮಂಡಿ ತರಚ್ತು ಅಂತ ಪೇರೆಂಟ್ಸೇ ಫೋನ್ ಮಾಡ್ತಾರೆ, ಬರೆಸಿಲ್ಲ ಅಂದ್ರೂ ಬೈತಾರೆ." ಅಷ್ಟು ಮಕ್ಕಳನ್ನ ಒಬ್ಬರೇ ನೋಡ್ಕೋಬೇಕು ಪಾಪ. ಕೊನೆಗೆ ಕೆಲವು ಅಮ್ಮಂದಿರು ಸೇರಿ, ಮಂಡಿ ತರಚಿದ್ರೆ ನಾವು ಫೋನ್ ಮಾಡಲ್ಲ ಅಂತ ಮಾತು ಕೊಟ್ಟಮೇಲೆ, ವ್ಯಾನ್ ಬರೋ ಮುಂಚೆ ಅರ್ಧ ಗಂಟೆ ಮಕ್ಕಳನ್ನ ಹೊರಗೆ ಬಿಡೋಕೆ ಒಪ್ಕೊಂಡಿದಾರೆ, ಬರೆಯೋ ಹೋಂವರ್ಕ್ ಕೂಡ ಕಡಿಮೆ ಮಾಡಿದಾರೆ.

ಅಕ್ಕನ ಮಗ ಮೊನ್ನೆ ಮತ್ತೆ ಡಾಕ್ಟರ್ ಹತ್ರ ಹೋಗಿ ಬಂದ. ತೂಕ ಹಿಂದಿನಷ್ಟೇ ಇದೆ, ಎತ್ತರ ಸ್ವಲ್ಪ ಏರಿದೆ, ಡಾಕ್ಟರ್ ಹೀಗೇ ಮುಂದುವರ್ಸಿ ಅಂದಿದಾರೆ. ಸದ್ಯಕ್ಕೆ ಉಳಿದಿರೋದು ಅಪಾರ್ಟ್‌ಮೆಂಟಿನ ಪಾರ್ಕಿಂಗ್ ವಿಷಯ. ಸಂಜೆ ಐದರಿಂದ ಆರೂವರೆ ತನಕ ಹಿಂದಿನ ಅರ್ಧ ಪಾರ್ಕಿಂಗಲ್ಲಿ ಗಾಡಿ ನಿಲ್ಲಿಸದೆ ಮಕ್ಕಳಿಗೆ ಬಿಡಿ ಅಂತ ಅಕ್ಕ ಅಸೋಸಿಯೇಷನ್ನಿಗೆ ಅರ್ಜಿ ಕೊಟ್ಟಿದಾಳೆ, ಕಾರಿಗೆ ಗೀರು ಬೀಳುತ್ತೆ ಅಂತ ಎರಡು ಮನೆಯೋರು ಒಪ್ತಿಲ್ಲ, ಭಾನುವಾರ ಮೀಟಿಂಗ್ ಇದೆ. ತುಮಕೂರಲ್ಲಿ ಆಗಲಿ ಬೇರೆ ಊರಲ್ಲಾಗಲಿ ನಿಮ್ಮ ಅಪಾರ್ಟ್‌ಮೆಂಟಲ್ಲಿ ಇಂಥ ವ್ಯವಸ್ಥೆ ಮಾಡ್ಕೊಂಡಿದ್ರೆ ಹೇಗೆ ಒಪ್ಪಿಸಿದ್ರಿ, ಗಾಡಿ ಎಲ್ಲಿ ನಿಲ್ಲಿಸ್ತೀರಿ, ಯಾರು ನೋಡ್ಕೊಳ್ತಾರೆ ಅಂತ ಭಾನುವಾರದ ಒಳಗೆ ಬರೆದು ತಿಳಿಸಿ, ಅಕ್ಕನಿಗೆ ಕಳಿಸ್ತೀನಿ.